ಅರವತ್ತೆರಡು ರೂಪಾಯಿಯ ದೇಶಕ್ಕೆ ಬಂಡವಾಳ ಬಂದ ಕತೆ

ನಾಗರಬಾವಿಯ ಒಂದು ರಸ್ತೆಗೆ ಡಾ. ವಿ.ಕೆ.ಆರ್.ವಿ. ರಾವ್ ಅವರ ಹೆಸರಿದೆ. 1972ರಲ್ಲಿ ಅವರೇ ಕಟ್ಟಿ ನಿಲ್ಲಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇರುವುದೂ ಅದೇ ರಸ್ತೆಯಲ್ಲಿ. ಎಲ್ಲರ ಬಾಯಲ್ಲಿ ಅದು ಐಸೆಕ್. ಅದರ ಗ್ರಂಥಾಲಯಕ್ಕೂ ರಾವ್ ಅವರದೇ ಹೆಸರು. ಆ ದಾರಿಯಲ್ಲಿ ಓಡಾಡುವವರಲ್ಲಿ ಎಷ್ಟೋ ಮಂದಿ ಇಂದು ತಿಂಗಳಿಗೊಮ್ಮೆ ಸಂಬಳದಲ್ಲಿ ಒಂದಿಷ್ಟನ್ನು ಮ್ಯೂಚುವಲ್ ಫಂಡಿಗೆ ಕಟ್ಟುತ್ತಾರೆ. ಜಗತ್ತಿನ ಹಣಕಾಸು ವಲಯ ‘ಉದಯೋನ್ಮುಖ ಮಾರುಕಟ್ಟೆ’ ಎಂದು ಕರೆಯುವ ಜಾಗದಲ್ಲಿ ತಾವು ಹಣ ಹೂಡುತ್ತಿದ್ದೇವೆ ಎಂದು ಅವರಿಗೆ ಅನ್ನಿಸುವುದು ಕಡಿಮೆ. ಅವರ ಪಾಲಿಗೆ ಅದು ನಮ್ಮ ಷೇರುಪೇಟೆ, ಅಷ್ಟೇ.

ಆದರೆ ಬಡ ದೇಶವೂ ಬಂಡವಾಳ ಹೂಡಲು ತಕ್ಕ ಜಾಗ ಎಂಬ ತಿಳಿವಳಿಕೆ ತಾನಾಗಿ ಬಂದದ್ದಲ್ಲ. ಅದನ್ನು ಕಂಡುಹಿಡಿಯಬೇಕಾಯಿತು, ಅದೂ ಒಂದೇ ಸಲಕ್ಕಲ್ಲ. ಒಬ್ಬರು ದೇಶದ ವರಮಾನವನ್ನು ಅಳೆದರು. ಅಳೆದ ಮೇಲೆ, ಇಂಥ ದೇಶಕ್ಕೆ ಎಂಥ ಹಣ ಬೇಕು ಎಂಬ ಪ್ರಶ್ನೆ ಎದ್ದಿತು. ಇನ್ನೊಬ್ಬರು ಇಂಥ ದೇಶಗಳ ಷೇರುಗಳ ಬೆಲೆಯನ್ನು ಒಂದೆಡೆ ಕೂಡಿಹಾಕಿ ಲಾಭದ ಲೆಕ್ಕ ತೋರಿಸಿದರು. ಲಾಭದ ಬೆನ್ನಿಗೆ ಬರುವ ಅಪಾಯವನ್ನು ಕಂಡುಕೊಳ್ಳಲು ಒಂದಾದ ಮೇಲೊಂದು ಬಿಕ್ಕಟ್ಟುಗಳೇ ಬೇಕಾದವು. ಈ ಕತೆಯ ಮೊದಲ ಎರಡು ಹೆಜ್ಜೆಗಳಲ್ಲಿ ನಾಗರಬಾವಿಯ ರಸ್ತೆಗೆ ಹೆಸರು ಕೊಟ್ಟ ಮನುಷ್ಯ ಇದ್ದಾರೆ.

ಮೊದಲು ಅಳತೆ

ಯಾವ ದೇಶದಲ್ಲಿ ಹಣ ಹೂಡುವವರೂ ಮೊದಲು ಕೇಳುವುದು, ಅಲ್ಲಿನ ಜನರ ಗಳಿಕೆ ಎಷ್ಟು ಎಂದು. 1930ರ ದಶಕದವರೆಗೆ ಭಾರತದ ಮಟ್ಟಿಗೆ ಇದಕ್ಕೆ ನೆಚ್ಚಬಹುದಾದ ಉತ್ತರ ಇರಲಿಲ್ಲ. ಅಂದಾಜುಗಳಿಗೇನೂ ಬರವಿರಲಿಲ್ಲ. 1867-68ರ ಲೆಕ್ಕ ಹಿಡಿದು ದಾದಾಭಾಯಿ ನವರೋಜಿ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದರು. ಶತಮಾನ ಮುಗಿಯುವ ಹೊತ್ತಿಗೆ ವಿಲಿಯಂ ಡಿಗ್ಬಿ 18ರ ಆಸುಪಾಸಿನ ಲೆಕ್ಕ ಕೊಟ್ಟರು. ವೈಸ್‌ರಾಯ್ ಕರ್ಜನ್ 30 ಎಂದರು. ಬ್ರಿಟಿಷರು ದೇಶವನ್ನು ಹಿಂಡುತ್ತಿದ್ದಾರೆ ಎನ್ನುವವರ ಸಂಖ್ಯೆ ಕೆಳಗಿರುತ್ತಿತ್ತು, ಆಡಳಿತದ ಪರ ನಿಂತವರ ಸಂಖ್ಯೆ ಮೇಲಿರುತ್ತಿತ್ತು. ಲೆಕ್ಕಕ್ಕಿಂತ ವಾದವೇ ಮುಂದಿತ್ತು.

1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಕೇಂಬ್ರಿಜ್‌ಗೆ ಹೋಗಿ ಕೈಗೆತ್ತಿಕೊಂಡದ್ದು ಇದೇ ಕೆಲಸವನ್ನು. ಇಡೀ ದೇಶದ ವರಮಾನವನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗದು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಬೇಸಾಯ, ದನಕರು, ಗಣಿ, ಕಾಡು, ಮೀನುಗಾರಿಕೆ ಇವುಗಳಲ್ಲಿ ಎಷ್ಟು ಉತ್ಪನ್ನವಾಯಿತು, ಅದರ ಬೆಲೆ ಎಷ್ಟು ಎಂದು ನೋಡಬಹುದು. ಬಡಗಿ, ಅಗಸ, ಅಂಗಡಿಯವ, ಗುಮಾಸ್ತ, ಮನೆಗೆಲಸದವರ ವಿಷಯದಲ್ಲಿ ಉತ್ಪನ್ನ ಎಂದು ತೂಗಿ ನೋಡಲು ಏನೂ ಸಿಗದು. ಅಲ್ಲಿ ಎಷ್ಟು ಜನ ಆ ಕೆಲಸದಲ್ಲಿದ್ದಾರೆ, ಒಬ್ಬೊಬ್ಬರ ಗಳಿಕೆ ಎಷ್ಟು ಎಂದೇ ಲೆಕ್ಕ ಹಾಕಬೇಕು. ರಾವ್ ಎರಡೂ ದಾರಿಗಳನ್ನು ಒಟ್ಟುಗೂಡಿಸಿದರು. ಕೆಲಸಗಾರರ ಸಂಖ್ಯೆಗೆ 1931ರ ಜನಗಣತಿಯನ್ನು ಆಧಾರ ಮಾಡಿಕೊಂಡರು.

ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಹೊಲದಲ್ಲಿ ಬೆಳೆದ ರಾಗಿಯಲ್ಲಿ ಅರ್ಧ ಮನೆಯಲ್ಲೇ ಊಟಕ್ಕಾದರೆ ಅದಕ್ಕೆ ಯಾವ ಬೆಲೆ ಕಟ್ಟುವುದು? ಬಿತ್ತನೆಗೆ ತೆಗೆದಿಟ್ಟದ್ದನ್ನು ವರಮಾನದಿಂದ ಕಳೆಯಬೇಕು. ನೇಕಾರ ಕೊಂಡ ನೂಲಿನ ಬೆಲೆ ಒಮ್ಮೆ ನೂಲಿನ ಲೆಕ್ಕದಲ್ಲಿ, ಇನ್ನೊಮ್ಮೆ ಸೀರೆಯ ಲೆಕ್ಕದಲ್ಲಿ ಬಂದುಬಿಟ್ಟರೆ ದೇಶ ಇರುವುದಕ್ಕಿಂತ ಸಿರಿವಂತವಾಗಿ ಕಾಣುತ್ತದೆ. ಇಷ್ಟನ್ನೂ ಅಳೆದು ತೂಗಿ, 1940ರಲ್ಲಿ ಹೊರಬಂದ ಪುಸ್ತಕದಲ್ಲಿ ರಾವ್ ಕೊಟ್ಟ ಉತ್ತರ: 1931-32ರಲ್ಲಿ ಬ್ರಿಟಿಷ್ ಇಂಡಿಯಾದ ತಲಾ ವರಮಾನ ವರ್ಷಕ್ಕೆ 62 ರೂಪಾಯಿ. ಅಂದರೆ ತಿಂಗಳಿಗೆ ಐದು ರೂಪಾಯಿ ಚಿಲ್ಲರೆ. ತಪ್ಪಿದ್ದರೆ ನೂರಕ್ಕೆ ಆರರಷ್ಟು ಹೆಚ್ಚು ಕಡಿಮೆ ಇರಬಹುದು ಎಂದು ಅವರೇ ಬರೆದರು. ತನ್ನ ಲೆಕ್ಕ ಎಷ್ಟು ತಪ್ಪಿರಬಹುದು ಎಂದು ಹೇಳುವ ಈ ಶಿಸ್ತೇ ಅದನ್ನು ಹಿಂದಿನ ಅಂದಾಜುಗಳಿಂದ ಬೇರೆ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಸರ್ಕಾರ ರಾಷ್ಟ್ರೀಯ ವರಮಾನ ಸಮಿತಿ ಮಾಡಿದಾಗ ಪಿ.ಸಿ. ಮಹಾಲನೋಬಿಸ್ ಅಧ್ಯಕ್ಷರಾದರು, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರಾದರು. ಇಂದು ಜಿಡಿಪಿ ಎಂದು ಪತ್ರಿಕೆಗಳ ಮುಖಪುಟದಲ್ಲಿ ಬರುವ ಸಂಖ್ಯೆಯ ಬೇರು ಅಲ್ಲಿದೆ.

ಸಾಲ ಕೊಡುವವರು ಯಾರು?

ಅಳೆದ ಮೇಲೆ ಒಂದು ಕಹಿ ಸತ್ಯ ಎದುರಾಯಿತು. 62 ರೂಪಾಯಿ ಗಳಿಸುವವನು ಉಳಿಸುವುದೇನು? ಉಳಿತಾಯವಿಲ್ಲದೆ ಬಂಡವಾಳವಿಲ್ಲ, ಬಂಡವಾಳವಿಲ್ಲದೆ ಗಳಿಕೆ ಏರದು. ಹೊರಗಿನ ಹಣ ಬಂದರೆ ಮಾತ್ರ ಈ ಸುತ್ತಿನಿಂದ ಪಾರಾಗಬಹುದಿತ್ತು. ಆದರೆ ಆಗ ಇದ್ದ ವಿಶ್ವಬ್ಯಾಂಕ್ ತನ್ನ ಹಣವನ್ನು ವಾಲ್ ಸ್ಟ್ರೀಟ್‌ನಲ್ಲಿ ಬಾಂಡ್ ಮಾರಿ ತರುತ್ತಿತ್ತು. ಬಾಂಡ್ ಕೊಂಡವರ ನಂಬಿಕೆ ಉಳಿಸಿಕೊಳ್ಳಬೇಕಾದ್ದರಿಂದ ಬಡ್ಡಿ ಸಮೇತ ಹಿಂದಿರುಗಿಸಬಲ್ಲ ಯೋಜನೆಗಳಿಗಷ್ಟೇ ಸಾಲ ಕೊಡುತ್ತಿತ್ತು. 1949ರಲ್ಲಿ ಭಾರತದ ರೈಲ್ವೆಗೆ 34 ಮಿಲಿಯನ್ ಡಾಲರ್ ಸಿಕ್ಕಿತು. ರೈಲು ಟಿಕೆಟ್ ಮಾರಿ ಸಾಲ ತೀರಿಸಬಹುದು. ಶಾಲೆ, ಕುಡಿಯುವ ನೀರು, ಹಳ್ಳಿಯ ರಸ್ತೆ ಇವು ಟಿಕೆಟ್ ಮಾರುವುದಿಲ್ಲ.

ಅದೇ ವರ್ಷ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷ ಸ್ಥಾನದಲ್ಲಿ ರಾವ್ ಇದ್ದರು. ಬಡ ದೇಶಗಳಿಗೆ ಹಗುರ ಬಡ್ಡಿಯಲ್ಲಿ, ದೀರ್ಘ ಕಾಲಕ್ಕೆ ಹಣ ಕೊಡುವ ಹೊಸ ಸಂಸ್ಥೆಯೊಂದು ವಿಶ್ವಸಂಸ್ಥೆಯ ಒಳಗೇ ಇರಲಿ ಎಂಬ ಸಲಹೆಯನ್ನು ಅವರು ಮುಂದಿಟ್ಟರು. ಸಿರಿವಂತ ದೇಶಗಳು ಒಪ್ಪಲಿಲ್ಲ. ಇಂಥ ಸಾಲ ಸಾಲವೇ ಅಲ್ಲ, ಲೇವಾದೇವಿಯ ಶಿಸ್ತನ್ನೇ ಇದು ಕೆಡಿಸುತ್ತದೆ ಎಂದು ವಿಶ್ವಬ್ಯಾಂಕಿನ ಮುಖ್ಯಸ್ಥರೂ ಅಡ್ಡ ನಿಂತರು. ಸಲಹೆ ಬಿದ್ದುಹೋಯಿತು, ಆದರೆ ಸಾಯಲಿಲ್ಲ. 1950ರ ದಶಕದುದ್ದಕ್ಕೂ ಬಡ ದೇಶಗಳು ಅದನ್ನು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಎತ್ತಿದವು. ಒತ್ತಡ ತಾಳಲಾರದೆ, ಹಣದ ಹಿಡಿತ ವಿಶ್ವಸಂಸ್ಥೆಯ ಕೈಗೆ ಹೋಗುವುದಕ್ಕಿಂತ ತಮ್ಮ ಕೈಯಲ್ಲಿರುವುದೇ ಲೇಸು ಎಂದು ಲೆಕ್ಕ ಹಾಕಿ, ಸಿರಿವಂತ ದೇಶಗಳು 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯನ್ನು, ಅಂದರೆ ಐಡಿಎಯನ್ನು ಸ್ಥಾಪಿಸಿದವು. ರಾವ್ ಕೇಳಿದ ರೂಪದಲ್ಲೇ ಅದು ಬರಲಿಲ್ಲ. ಆದರೆ ಅವರ ಉಪ ಆಯೋಗ ಎತ್ತಿದ ಬೇಡಿಕೆಯ ತಿರುಳು ಅದರಲ್ಲಿತ್ತು. ಆಗ ಅದರ ಸಾಲದ ಅವಧಿ 50 ವರ್ಷ, ಮೊದಲ ಹತ್ತು ವರ್ಷ ಅಸಲು ಕಟ್ಟಬೇಕಿರಲಿಲ್ಲ, ಬಡ್ಡಿ ಇರಲಿಲ್ಲ, ಮುಕ್ಕಾಲು ಶೇಕಡ ಸೇವಾ ಶುಲ್ಕ ಮಾತ್ರ. 1961ರಲ್ಲಿ ಮೊದಲು ಸಾಲ ಪಡೆದ ನಾಲ್ಕು ದೇಶಗಳಲ್ಲಿ ಭಾರತವೂ ಒಂದು. ಮುಂದೆ ಅತಿ ಹೆಚ್ಚು ಪಡೆದದ್ದೂ ಭಾರತವೇ. 2014ರಲ್ಲಿ ನಾವು ಆ ಪಟ್ಟಿಯಿಂದ ಹೊರಬಂದೆವು. ಪಡೆಯುತ್ತಿದ್ದ ದೇಶ ಕೊಡುವ ದೇಶಗಳ ಸಾಲಿಗೂ ಸೇರಿತು.

ಹಣ ಸುರಿದರೆ ಸಾಲದು

ರಾವ್ ಬರೀ ಹಣ ಕೇಳಿದವರಲ್ಲ. ಬಡ ದೇಶದಲ್ಲಿ ಹಣ ಹೇಗೆ ವರ್ತಿಸುತ್ತದೆ ಎಂಬುದನ್ನೂ ಅವರು ಶೋಧಿಸಿದರು. ಹೂಡಿದ ಒಂದು ರೂಪಾಯಿ ಕೈಯಿಂದ ಕೈಗೆ ಹೋಗಿ ದೇಶದ ಒಟ್ಟು ವರಮಾನವನ್ನು ಹಲವು ಪಟ್ಟು ಹೆಚ್ಚಿಸುತ್ತದೆ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಸಿದ್ಧಾಂತ ಆಗ ಎಲ್ಲೆಡೆ ಚಲಾವಣೆಯಲ್ಲಿತ್ತು. ಭಾರತದಂಥ ದೇಶಕ್ಕೆ ಅದು ಹಾಗೆಯೇ ಹೊಂದದು ಎಂದು ರಾವ್ 1952ರಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ಆರ್ಥಿಕ ಕುಸಿತದ ಕಾಲದಲ್ಲಿ ಕಾರ್ಖಾನೆ ಬೀಗ ಹಾಕಿಕೊಂಡು ನಿಂತಿರುತ್ತದೆ, ಕೆಲಸ ಬಲ್ಲವನು ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಬೇಡಿಕೆ ಬಂದ ಮರುದಿನವೇ ಯಂತ್ರ ತಿರುಗಬಲ್ಲದು. ಇಲ್ಲಿ ಆ ಯಂತ್ರವೇ ಇಲ್ಲ, ನೀರಾವರಿ ಇಲ್ಲ, ಬೆಳೆ ಸಾಗಿಸಲು ದಾರಿಯಿಲ್ಲ. ಹಣ ಹೆಚ್ಚಾದರೂ ಉತ್ಪಾದನೆ ಅಷ್ಟು ಬೇಗ ಹೆಚ್ಚದೆ, ಏರುವುದು ಬೆಲೆ ಮಾತ್ರ.

ಈ ಮಾತು ಸರ್ಕಾರದ ಯೋಜನೆಗಳನ್ನು ಕುರಿತದ್ದು. ಆದರೆ ಮುಂದೆ ವಿದೇಶಿ ಹಣ ಷೇರುಪೇಟೆಗಳಿಗೆ ನುಗ್ಗಿದಾಗ ಇದೇ ನಿಜವಾಯಿತು. ಹಣ ಬಂದ ವೇಗದಲ್ಲಿ ಕಂಪನಿ, ರಸ್ತೆ, ವಿದ್ಯುತ್, ಕಾನೂನು ಬೆಳೆಯುವುದಿಲ್ಲ. ಏರುವುದು ಷೇರು ಮತ್ತು ಜಮೀನಿನ ಬೆಲೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲೂಕಸ್ 1990ರಲ್ಲಿ ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಡಿಸಲು ಹೊರಟರು. ಪಠ್ಯಪುಸ್ತಕದ ಸರಳ ಲೆಕ್ಕದ ಪ್ರಕಾರ ಭಾರತದಲ್ಲಿ ಹೂಡಿದ ಹೆಚ್ಚುವರಿ ಬಂಡವಾಳದ ಫಲ ಅಮೆರಿಕದಲ್ಲಿ ಸಿಗುವುದರ 58 ಪಟ್ಟು ಇರಬೇಕಿತ್ತು. ಹಾಗಿದ್ದರೆ ಜಗತ್ತಿನ ಹಣವೆಲ್ಲ ಇತ್ತಲೇ ಹರಿದು ಬರಬೇಕಿತ್ತಲ್ಲ, ಏಕೆ ಬರಲಿಲ್ಲ ಎಂಬುದು ಅವರ ಪ್ರಶ್ನೆ. ಜನರ ಕೌಶಲ, ಕೊಟ್ಟ ಮಾತು ಉಳಿಸಿಕೊಳ್ಳುವ ವ್ಯವಸ್ಥೆ, ಒಪ್ಪಂದ ಮುರಿದರೆ ಕೇಳುವವರು ಯಾರು ಎಂಬ ಭಯ, ಇವೆಲ್ಲ ಸೇರಿ ಆ 58 ಪಟ್ಟನ್ನು ಕರಗಿಸಿಬಿಡುತ್ತವೆ.

1981ರ ಲೆಕ್ಕಪುಸ್ತಕ

ಕತೆಯ ಮೂರನೆಯ ಹೆಜ್ಜೆ ವಾಷಿಂಗ್ಟನ್‌ನಲ್ಲಿ. ವಿಶ್ವಬ್ಯಾಂಕ್ ಬಳಗದ ಇಂಟರ್‌ನ್ಯಾಷನಲ್ ಫೈನಾನ್ಸ್ ಕಾರ್ಪೊರೇಷನ್, ಅಂದರೆ ಐಎಫ್‌ಸಿ, 1956ರಲ್ಲಿ ಶುರುವಾದದ್ದು ಬಡ ದೇಶಗಳ ಖಾಸಗಿ ಕಂಪನಿಗಳಿಗೆ ನೆರವಾಗಲೆಂದು. ಅಲ್ಲಿ ಕೆಲಸಕ್ಕಿದ್ದ ಡಚ್ ಮೂಲದ ಆಂಟ್ವಾನ್ ವಾನ್ ಆಗ್ಟ್‌ಮೇಲ್ ಅದಕ್ಕೆ ಮೊದಲು ಥಾಯ್ಲೆಂಡಿನಲ್ಲಿ ಹಣಕಾಸು ಕಂಪನಿಯೊಂದನ್ನು ನಡೆಸಿದ್ದರು. ಪಶ್ಚಿಮದ ಹೂಡಿಕೆದಾರರು ಕಣ್ಣೆತ್ತಿಯೂ ನೋಡದ ಊರುಗಳಲ್ಲಿ ಒಳ್ಳೆಯ ಕಂಪನಿಗಳಿವೆ ಎಂಬುದನ್ನು ಕಣ್ಣಾರೆ ಕಂಡವರು.

ಕಂಡದ್ದನ್ನು ನಂಬಿಸುವುದು ಹೇಗೆ? ಆಗ ಭಾರತ, ಬ್ರೆಜಿಲ್, ಥಾಯ್ಲೆಂಡ್‌ಗಳ ಷೇರು ಬೆಲೆಗಳು ಆಯಾ ಊರಿನ ಪತ್ರಿಕೆಗಳಲ್ಲಿ, ಆಯಾ ಪೇಟೆಯ ಬುಲೆಟಿನ್‌ಗಳಲ್ಲಿ ಚದುರಿ ಬಿದ್ದಿದ್ದವು. ಬೋನಸ್ ಷೇರು, ಹಕ್ಕಿನ ಷೇರು, ಲಾಭಾಂಶ ಇವನ್ನೆಲ್ಲ ಸರಿಹೊಂದಿಸದಿದ್ದರೆ ಬೆಲೆ ಏರಿತೋ ಇಳಿಯಿತೋ ಹೇಳಲಾಗದು. ಒಂದು ಷೇರಿಗೆ ಇನ್ನೊಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧಕ್ಕಿಳಿಯುತ್ತದೆ. ಅದು ನಷ್ಟವಲ್ಲ ಎಂದು ಲೆಕ್ಕದಲ್ಲಿ ಯಾರಾದರೂ ಬರೆದಿಡಬೇಕು. ಐಎಫ್‌ಸಿಯ ಜನ ಈ ಕೂಲಿ ಕೆಲಸವನ್ನೇ ಮಾಡಿದರು. 1975ರ ಕೊನೆಯಿಂದ ಮುಂದಕ್ಕೆ ಹಲವು ದೇಶಗಳ ಷೇರುಗಳ ಬೆಲೆಯನ್ನು ಕೂಡಿಹಾಕಿ, ಶುದ್ಧಗೊಳಿಸಿ, ಡಾಲರ್‌ಗೆ ತಿರುಗಿಸಿ ಸೂಚ್ಯಂಕಗಳನ್ನು ಕಟ್ಟಿದರು. ಭಾರತವೂ ಅದರಲ್ಲಿತ್ತು. 1930ರ ದಶಕದಲ್ಲಿ ರಾವ್ ದೇಶದ ವರಮಾನಕ್ಕೆ ಮಾಡಿದ್ದನ್ನು ಇವರು ದೇಶದ ಕಂಪನಿಗಳಿಗೆ ಮಾಡಿದರು.

1981ರಲ್ಲಿ ವಾನ್ ಆಗ್ಟ್‌ಮೇಲ್ ಈ ಲೆಕ್ಕ ಹಿಡಿದು ನ್ಯೂಯಾರ್ಕಿನ ಸಾಲಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕಿನ ಕಚೇರಿಯಲ್ಲಿ ದೊಡ್ಡ ಹೂಡಿಕೆದಾರರ ಮುಂದೆ ನಿಂತರು. ‘ಮೂರನೇ ಜಗತ್ತಿನ ಷೇರು ನಿಧಿ’ ಎಂಬುದು ಅವರ ಪ್ರಸ್ತಾಪ. ಲೆಕ್ಕ ಚೆನ್ನಾಗಿದೆ, ಆದರೆ ಈ ಹೆಸರಿಟ್ಟರೆ ಒಬ್ಬರೂ ಕೊಳ್ಳುವುದಿಲ್ಲ ಎಂದು ಸಭೆಯಲ್ಲಿದ್ದ ಒಬ್ಬರು ಎದ್ದು ಹೇಳಿದರು. ಮೂರನೇ ಜಗತ್ತು ಎಂದರೆ ಕ್ಷಾಮ, ಕ್ಷಿಪ್ರಕ್ರಾಂತಿ, ತೀರಿಸಲಾಗದ ಸಾಲ ಎಂಬುದೇ ಕೇಳುಗರ ತಲೆಯಲ್ಲಿತ್ತು. ವಾರಾಂತ್ಯದಲ್ಲಿ ಕೂತು ಯೋಚಿಸಿ ಅವರು ಹೊಸ ಹೆಸರು ಹುಡುಕಿದರು: ಎಮರ್ಜಿಂಗ್ ಮಾರ್ಕೆಟ್ಸ್. ಆದರೂ ಹಣ ತಕ್ಷಣ ಬರಲಿಲ್ಲ. 50 ಮಿಲಿಯನ್ ಡಾಲರ್‌ನ ಮೊದಲ ಎಮರ್ಜಿಂಗ್ ಮಾರ್ಕೆಟ್ಸ್ ಗ್ರೋತ್ ಫಂಡ್ ಕಣ್ಣುಬಿಟ್ಟದ್ದು 1986ರಲ್ಲಿ. ಅದೇ ವರ್ಷ ನಮ್ಮ ಮ್ಯೂಚುವಲ್ ಫಂಡ್ ಸಂಸ್ಥೆ ಯುಟಿಐ ಲಂಡನ್ನಿನಲ್ಲಿ ಇಂಡಿಯಾ ಫಂಡ್ ತಂದಿತು. 1988ರಲ್ಲಿ ಷೇರು ಸೂಚ್ಯಂಕ ಕಟ್ಟುವ ಎಂಎಸ್‌ಸಿಐ ಸಂಸ್ಥೆ ಇಂಥ ಹತ್ತು ದೇಶಗಳ ಸೂಚ್ಯಂಕ ಆರಂಭಿಸಿತು. ಭಾರತ ಆ ಹತ್ತರಲ್ಲಿ ಇರಲಿಲ್ಲ, ಏಕೆಂದರೆ ನಮ್ಮ ಪೇಟೆಯ ಬಾಗಿಲು ವಿದೇಶಿಯರಿಗೆ ಮುಚ್ಚಿತ್ತು.

95 ರೂಪಾಯಿಗೂ ಕೊಳ್ಳುವವರಿಲ್ಲ

ಬಾಗಿಲು ತೆರೆದದ್ದು ಸಂಕಟದಲ್ಲಿ. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನ ಲಂಡನ್ನಿಗೆ ಹೋಯಿತು, ರೂಪಾಯಿಯ ಬೆಲೆ ಎರಡು ಕಂತಿನಲ್ಲಿ ಇಳಿಯಿತು. 1992ರಲ್ಲಿ ಮೂರು ಕೆಲಸಗಳಾದವು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಕಾನೂನಿನ ಬಲ ಬಂತು. ಹೊಸ ಷೇರಿನ ಬೆಲೆಯನ್ನು ದೆಹಲಿಯ ಅಧಿಕಾರಿ ನಿಗದಿ ಮಾಡುತ್ತಿದ್ದ 1947ರ ಕಾಯ್ದೆ ರದ್ದಾಯಿತು. ಸೆಪ್ಟೆಂಬರ್‌ನಲ್ಲಿ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ನಮ್ಮ ಪೇಟೆಗೆ ಪ್ರವೇಶ ಸಿಕ್ಕಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಷೇರು ಬ್ರೋಕರ್ ಹರ್ಷದ್ ಮೆಹ್ತಾನ ಹಗರಣ ಹೊರಬಿದ್ದು, 4,400 ದಾಟಿದ್ದ ಸೆನ್ಸೆಕ್ಸ್ ವರ್ಷದೊಳಗೆ ಅರ್ಧದ ಹತ್ತಿರಕ್ಕೆ ಬಂದಿತ್ತು. ಕೈ ಸುಟ್ಟುಕೊಂಡ ಜನ ಷೇರು ಎಂದರೆ ಬೆಚ್ಚುತ್ತಿದ್ದರು.

ಆ ಹೊತ್ತಿನಲ್ಲಿ, 1993ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇನ್ಫೊಸಿಸ್ ತನ್ನ ಷೇರುಗಳನ್ನು ತಲಾ 95 ರೂಪಾಯಿಗೆ ಜನರ ಮುಂದಿಟ್ಟಿತು. ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ 85 ರೂಪಾಯಿ ಪ್ರೀಮಿಯಂ. ಕಾರ್ಖಾನೆಯಿಲ್ಲ, ಚಿಮಣಿಯಿಲ್ಲ, ಅಡವಿಡಲು ಯಂತ್ರವಿಲ್ಲ. ಇರುವುದು ಕಂಪ್ಯೂಟರ್ ಮುಂದೆ ಕೂತ ಹುಡುಗರು. ಷೇರುಗಳು ಪೂರ್ತಿ ಮಾರಾಟವಾಗಲಿಲ್ಲ. ಆಗ ಕಂಪನಿಯ ಶೇಕಡ 13ರಷ್ಟು ಪಾಲನ್ನು ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಅದೇ 95ರ ಬೆಲೆಗೆ ಕೊಂಡಿತು. ಜೂನ್‌ನಲ್ಲಿ ವಹಿವಾಟು ಶುರುವಾದ ದಿನ ಬೆಲೆ 145. 1999ರ ಮಾರ್ಚ್‌ನಲ್ಲಿ ಇನ್ಫೊಸಿಸ್ ನಾಸ್ಡಾಕ್ ಪೇಟೆಯಲ್ಲಿ ನೋಂದಾಯಿತವಾದ ಮೊದಲ ಭಾರತೀಯ ಕಂಪನಿಯಾಯಿತು. 1993ರಲ್ಲಿ 9,500 ರೂಪಾಯಿ ಕೊಟ್ಟು ನೂರು ಷೇರು ಕೊಂಡು ಬೀರುವಿನಲ್ಲಿಟ್ಟು ಕಾದವರು, ಬೋನಸ್ ಮೇಲೆ ಬೋನಸ್ ಬಂದು, ಕೋಟ್ಯಧಿಪತಿಗಳಾದರು. ನಮ್ಮ ಊರಿನವರಿಗೆ ಕಾಣದ ಬೆಲೆ ಹೊರಗಿನವರಿಗೆ ಕಂಡಿತ್ತು. ಕಡಿಮೆ ಜನ ಕಣ್ಣಿಟ್ಟಿರುವ ಕಡೆ, ಲೆಕ್ಕ ಸ್ವಚ್ಛವಾಗಿರುವ ಕಂಪನಿ ಅಗ್ಗಕ್ಕೆ ಸಿಗುತ್ತದೆ. ಉದಯೋನ್ಮುಖ ಮಾರುಕಟ್ಟೆಯ ಅವಕಾಶವೆಲ್ಲ ಈ ಮಾತಿನಲ್ಲಿದೆ.

ಆದರೆ ಈ ಒಂದು ಕತೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ಅದೇ ವರ್ಷಗಳಲ್ಲಿ ಜನರಿಂದ ಹಣ ಎತ್ತಿ ವಿಳಾಸವೇ ಇಲ್ಲದಂತೆ ಮಾಯವಾದ 200ಕ್ಕೂ ಹೆಚ್ಚು ಕಂಪನಿಗಳನ್ನು ಸರ್ಕಾರ ಮತ್ತು ಸೆಬಿ ಆಮೇಲೆ ‘ಕಣ್ಮರೆಯಾದ ಕಂಪನಿಗಳು’ ಎಂದು ಪಟ್ಟಿ ಮಾಡಬೇಕಾಯಿತು. 1994ರ ಜನವರಿಯಲ್ಲಿ ಮಾರ್ಗನ್ ಸ್ಟ್ಯಾನ್ಲಿ ಭಾರತೀಯರಿಗಾಗಿಯೇ ಮ್ಯೂಚುವಲ್ ಫಂಡ್ ತಂದಾಗ ಅರ್ಜಿ ನಮೂನೆಗೆ ಜನ ಸರದಿ ನಿಂತರು. ಅದು ಯಾವುದೋ ಅಮೆರಿಕನ್ ಕಂಪನಿಯ ಷೇರು ಎಂದೇ ಭಾವಿಸಿದವರಿದ್ದರು. ಸುಮಾರು ಸಾವಿರ ಕೋಟಿ ರೂಪಾಯಿ ಬಂತು. ಆಮೇಲೆ ವರ್ಷಗಟ್ಟಲೆ ಅದರ ಹತ್ತು ರೂಪಾಯಿಯ ಯೂನಿಟ್ ಹತ್ತಕ್ಕಿಂತ ಕೆಳಗೇ ಬಿದ್ದಿತ್ತು. ಇನ್ಫೊಸಿಸ್‌ನಲ್ಲಿ ಗೆದ್ದ ಹೆಸರು, ಹೆಸರು ನೋಡಿಯೇ ಕೊಂಡವರನ್ನು ಗೆಲ್ಲಿಸಲಿಲ್ಲ.

ಅಂದಿನ ವಹಿವಾಟನ್ನೂ ಹತ್ತಿರದಿಂದ ನೋಡಬೇಕು. ಷೇರು ಎಂದರೆ ಆಗ ಕಾಗದದ ಸರ್ಟಿಫಿಕೇಟು. ಮಾರಬೇಕಾದರೆ ವರ್ಗಾವಣೆ ಪತ್ರಕ್ಕೆ ಸ್ಟಾಂಪು ಹಚ್ಚಿ, ಸಹಿ ಹಾಕಿ, ಬ್ರೋಕರ್ ಕೈಗೆ ಕೊಡಬೇಕು. ಅದು ಕೊಂಡವರ ಕೈ ಸೇರಿ, ಅಂಚೆಯಲ್ಲಿ ಕಂಪನಿಗೆ ಹೋಗಿ, ಹೆಸರು ಬದಲಾಗಿ ಬರಲು ತಿಂಗಳುಗಳು ಬೇಕು. ಹತ್ತು ವರ್ಷದ ಹಿಂದಿನ ಸಹಿಗೂ ಇಂದಿನ ಸಹಿಗೂ ಒಂದು ಸೊಟ್ಟ ಗೆರೆ ವ್ಯತ್ಯಾಸವಿದ್ದರೆ ‘ಬ್ಯಾಡ್ ಡೆಲಿವರಿ’ ಎಂದು ವಾಪಸು ಬರುತ್ತಿತ್ತು. ನಕಲಿ, ಕಳವಾದ ಸರ್ಟಿಫಿಕೇಟುಗಳ ಕಾಟ ಬೇರೆ. ಕೋಟಿಗಟ್ಟಲೆ ಹೂಡುವ ವಿದೇಶಿ ಸಂಸ್ಥೆಗೆ ಕಂಪನಿಯ ಲಾಭಕ್ಕಿಂತ ಈ ಕಾಗದದ ಚಿಂತೆಯೇ ದೊಡ್ಡದಾಗಿತ್ತು. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು ಷೇರುಗಳನ್ನು ಕಂಪ್ಯೂಟರ್ ದಾಖಲೆಯಾಗಿ ಇಡುವ ಎನ್‌ಎಸ್‌ಡಿಎಲ್ ಶುರುವಾದ ಮೇಲೆ ಷೇರು ಕಾಗದ ಬಿಟ್ಟು ಡಿಮ್ಯಾಟ್ ಖಾತೆಗೆ ಹೋಯಿತು. 2023ರ ಜನವರಿಯಿಂದ ನಮ್ಮ ಪೇಟೆಯಲ್ಲಿ ಎಲ್ಲ ಷೇರುಗಳ ವಹಿವಾಟು ಮರುದಿನವೇ ಚುಕ್ತವಾಗುತ್ತಿದೆ. ಇಂಥ ಕಣ್ಣಿಗೆ ಕಾಣದ ಕೊಳಾಯಿ ಕೆಲಸವೇ ಒಂದು ಪೇಟೆಯನ್ನು ನಂಬಿಕೆಗೆ ಅರ್ಹ ಮಾಡುತ್ತದೆ.

ಅಪಾಯವನ್ನು ಕಂಡುಕೊಂಡದ್ದು

ಅವಕಾಶವನ್ನು ಲೆಕ್ಕ ಹಾಕಿ ಕಂಡುಕೊಳ್ಳಬಹುದಿತ್ತು. ಅಪಾಯದ ಪಾಠ ಬಂದದ್ದು ಪೆಟ್ಟು ತಿಂದ ಮೇಲೆಯೇ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ನಾಣ್ಯದ ಬೆಲೆಯನ್ನು ಹಿಡಿದು ನಿಲ್ಲಿಸಲಾಗದೆ ಕೈಬಿಟ್ಟಿತು. ತಿಂಗಳುಗಳಲ್ಲಿ ಇಂಡೊನೇಷ್ಯ, ಮಲೇಷ್ಯ, ಕೊರಿಯಾ ಕಂಗಾಲಾದವು. ಮರುವರ್ಷ ಆಗಸ್ಟ್‌ನಲ್ಲಿ ರಷ್ಯ ಸಾಲ ತೀರಿಸಲು ಆಗದು ಎಂದಿತು. ಒಂದು ದೇಶದಲ್ಲಿ ನಷ್ಟವಾದ ಹೂಡಿಕೆದಾರ ಅದನ್ನು ತುಂಬಿಕೊಳ್ಳಲು ಏನೂ ತಪ್ಪು ಮಾಡದ ಇನ್ನೊಂದು ದೇಶದ ಷೇರನ್ನೂ ಮಾರುತ್ತಾನೆ ಎಂಬುದು ಆಗ ತಿಳಿಯಿತು. ಹತ್ತಾರು ದೇಶಗಳನ್ನು ಒಂದೇ ಹೆಸರಿನ ಕೆಳಗೆ ತಂದದ್ದರ ಬೆಲೆ ಇದು: ಬರುವಾಗಲೂ ಒಟ್ಟಿಗೆ, ಹೋಗುವಾಗಲೂ ಒಟ್ಟಿಗೆ.

2008ರಲ್ಲಿ ತಪ್ಪು ನಡೆದದ್ದು ಅಮೆರಿಕದ ಗೃಹಸಾಲದಲ್ಲಿ. ಆದರೆ ಆ ವರ್ಷ ವಿದೇಶಿ ಸಂಸ್ಥೆಗಳು ನಮ್ಮ ಷೇರುಪೇಟೆಯಿಂದ ಸುಮಾರು 53,000 ಕೋಟಿ ರೂಪಾಯಿ ಹಿಂತೆಗೆದವು. ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಗೆ 8,500ರ ಹತ್ತಿರ ಇತ್ತು. 2013ರ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದು ಎಂದರು, ಅಷ್ಟೇ. ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68 ರೂಪಾಯಿ ದಾಟಿತು. ಬ್ರೆಜಿಲ್, ಇಂಡೊನೇಷ್ಯ, ಟರ್ಕಿ, ದಕ್ಷಿಣ ಆಫ್ರಿಕದ ಜೊತೆ ಭಾರತಕ್ಕೂ ‘ದುರ್ಬಲ ಐದು’ ಎಂಬ ಹಣೆಪಟ್ಟಿ ಬಿತ್ತು.

ರೂಪಾಯಿಯ ಈ ಲೆಕ್ಕವನ್ನು ವಿದೇಶಿ ಹೂಡಿಕೆದಾರ ಯಾವತ್ತೂ ಮರೆಯುವುದಿಲ್ಲ. 1993ರಲ್ಲಿ ಒಂದು ಡಾಲರ್‌ಗೆ ಸುಮಾರು 31 ರೂಪಾಯಿ. 2024ರಲ್ಲಿ ಸುಮಾರು 84. ಆಗ ಒಂದು ಡಾಲರ್ ತಂದು 31 ರೂಪಾಯಿ ಮಾಡಿಕೊಂಡು ಸುಮ್ಮನೆ ಇಟ್ಟವನಿಗೆ 2024ರಲ್ಲಿ ಹಿಂದಿರುಗಿ ಸಿಗುತ್ತಿದ್ದದ್ದು 37 ಸೆಂಟ್. ಅಸಲು ಉಳಿಯಬೇಕಾದರೇ ರೂಪಾಯಿಯಲ್ಲಿ ಹಣ 2.7 ಪಟ್ಟು ಬೆಳೆದಿರಬೇಕಿತ್ತು. ನಾವು ಹೊರದೇಶದ ಫಂಡಿನಲ್ಲಿ ಹಣ ಹಾಕುವಾಗಲೂ ಇದೇ ಲೆಕ್ಕ ನಮಗೂ ಅನ್ವಯಿಸುತ್ತದೆ. ಆ ದೇಶದ ಷೇರು ಏರಿದರೆ ಸಾಲದು, ಅದರ ನಾಣ್ಯವೂ ನಿಲ್ಲಬೇಕು.

ಎಲ್ಲಕ್ಕಿಂತ ಕಟುವಾದ ಪಾಠ 2022ರದು. ಉಕ್ರೇನ್ ಮೇಲೆ ರಷ್ಯದ ದಾಳಿ ಶುರುವಾದ ಕೆಲವೇ ದಿನಗಳಲ್ಲಿ ಎಂಎಸ್‌ಸಿಐ ತನ್ನ ಉದಯೋನ್ಮುಖ ಮಾರುಕಟ್ಟೆಗಳ ಸೂಚ್ಯಂಕದಿಂದ ರಷ್ಯವನ್ನು ಹೊರಗೆ ಹಾಕಿತು, ಅದೂ ಬಹುಮಟ್ಟಿಗೆ ಸೊನ್ನೆ ಬೆಲೆಗೆ. ರಷ್ಯದ ತೈಲ, ಅನಿಲ ಕಂಪನಿಗಳು ಲಾಭದಲ್ಲೇ ಇದ್ದವು, ಬಾವಿಗಳು ಬತ್ತಿರಲಿಲ್ಲ. ಆದರೆ ಹೊರಗಿನ ಹೂಡಿಕೆದಾರ ಮಾರಲಾರ, ಲಾಭಾಂಶ ಪಡೆಯಲಾರ. ಆಸ್ತಿ ಇದ್ದೂ ಅದರ ಮೇಲಿನ ಹಕ್ಕು ಇಲ್ಲವಾಗಬಹುದು ಎಂಬುದನ್ನು ಯಾವ ಲಾಭ ನಷ್ಟದ ಪಟ್ಟಿಯೂ ಮೊದಲೇ ತೋರಿಸಿರಲಿಲ್ಲ.

ಮನೆಯ ಉಳಿತಾಯದ ಬಲ

ಕತೆಯ ಕೊನೆಯ ಶೋಧ ಈಚಿನದು, ಮತ್ತು ಅದು ನಾಗರಬಾವಿಯಂಥ ಬಡಾವಣೆಗಳದ್ದು. 2024ರ ಅಕ್ಟೋಬರ್‌ನಲ್ಲಿ ವಿದೇಶಿ ಹೂಡಿಕೆದಾರರು ಭಾರತದ ಷೇರುಪೇಟೆಯಿಂದ ಸುಮಾರು 94,000 ಕೋಟಿ ರೂಪಾಯಿ ಹಿಂತೆಗೆದರು. ಒಂದೇ ತಿಂಗಳಲ್ಲಿ ಅಷ್ಟು ಹಿಂದೆಂದೂ ಹೋಗಿರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಹಣ ಹೋದಾಗ ಸೆನ್ಸೆಕ್ಸ್ ತಿಂಗಳಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಕುಸಿದಿತ್ತು. ಈ ಸಲ ಇಳಿದದ್ದು ಆರರ ಆಸುಪಾಸು. ಅವರು ಮಾರಿದ್ದನ್ನು ಇಲ್ಲಿನ ಮ್ಯೂಚುವಲ್ ಫಂಡುಗಳು, ವಿಮಾ ಕಂಪನಿಗಳು ಕೊಂಡವು. ಅದೇ ತಿಂಗಳು ಸಣ್ಣ ಹೂಡಿಕೆದಾರರು ಮ್ಯೂಚುವಲ್ ಫಂಡಿಗೆ ತಿಂಗಳಿಗೊಮ್ಮೆ ಕಟ್ಟುವ ಎಸ್‌ಐಪಿ ಕಂತು ಮೊದಲ ಬಾರಿಗೆ 25,000 ಕೋಟಿ ದಾಟಿತ್ತು. ತಿಂಗಳಿಗೆ ಎರಡು ಸಾವಿರ, ಐದು ಸಾವಿರ ಕಟ್ಟುವ ಶಿಕ್ಷಕಿ, ಬ್ಯಾಂಕ್ ನೌಕರ, ಸಾಫ್ಟ್‌ವೇರ್ ಹುಡುಗ ಸೇರಿ, ಹೊರಗಿನ ಹಣ ಹಿಂದಕ್ಕೆ ಹರಿದಾಗ ಪೇಟೆ ಪೂರ್ತಿ ಬತ್ತದಂತೆ ಕೆರೆ ಏರಿಯ ಹಾಗೆ ನಿಂತರು. 62 ರೂಪಾಯಿಯ ದೇಶದಲ್ಲಿ ಇಲ್ಲದಿದ್ದದ್ದು ಇದೇ ಉಳಿತಾಯ. ಇದಕ್ಕೂ ಒಂದು ಮಿತಿಯಿದೆ. ಕಂತು ಬರುತ್ತಲೇ ಇದೆ ಎಂದು ಯಾವ ಬೆಲೆಗಾದರೂ ಕೊಂಡರೆ, ಹಣ ಹೆಚ್ಚಾಗಿ ಉತ್ಪಾದನೆ ಹೆಚ್ಚದಿದ್ದರೆ ಏರುವುದು ಬೆಲೆ ಮಾತ್ರ ಎಂಬ 1952ರ ಎಚ್ಚರಿಕೆ ನಮ್ಮ ಮನೆಯ ಹಣಕ್ಕೂ ಅನ್ವಯಿಸುತ್ತದೆ.

ಇಷ್ಟು ವರ್ಷಗಳ ಈ ಶೋಧದಿಂದ ನನಗೆ ಕಾಣುವ ತೀರ್ಮಾನ ಒಂದೇ. ಉದಯೋನ್ಮುಖ ಮಾರುಕಟ್ಟೆಯಲ್ಲಿ ಅವಕಾಶವನ್ನೂ ಅಪಾಯವನ್ನೂ ತೀರ್ಮಾನಿಸುವುದು ಎರಡು ಸಂಗತಿಗಳು: ಲೆಕ್ಕ ಎಷ್ಟು ನೆಚ್ಚಬಹುದಾದದ್ದು, ಹೂಡಿದ ಹಣ ಎಷ್ಟು ಕಾಲ ಕಾಯಬಲ್ಲದು. 50 ವರ್ಷ ಕಾಯುವ ಹಣ ದೇಶಗಳನ್ನು ಮೇಲೆತ್ತಿತು. 95 ರೂಪಾಯಿಗೆ ಕೊಂಡು ಕಾದವರು ಗೆದ್ದರು. ನಾಳೆಯೇ ಬೇಕಾಗುವ ಹಣ ಹಾಕಿದವರು ಏಷ್ಯದಲ್ಲೂ ರಷ್ಯದಲ್ಲೂ ಮುಳುಗಿದರು.

ಹಾಗಾಗಿ ಓದುಗರಲ್ಲಿ ಕೇಳುವುದು ಇಷ್ಟು. ಉದಯೋನ್ಮುಖ ಮಾರುಕಟ್ಟೆಗಳ ಫಂಡ್ ಕೊಳ್ಳುವ ಮೊದಲು ಅದರೊಳಗೆ ಯಾವ ದೇಶ ಎಷ್ಟಿದೆ ನೋಡಿ. ಎಂಎಸ್‌ಸಿಐ ಸೂಚ್ಯಂಕದಲ್ಲಿ ಇಂದು 24 ದೇಶಗಳಿದ್ದರೂ ಚೀನ, ತೈವಾನ್, ಭಾರತ, ಕೊರಿಯಾ ಈ ನಾಲ್ಕರದೇ ಸುಮಾರು ಮುಕ್ಕಾಲು ಪಾಲು. ಭಾರತದ ಷೇರು ನಿಮ್ಮಲ್ಲಿ ಈಗಾಗಲೇ ಇದ್ದರೆ ಅದನ್ನೇ ಎರಡು ಸಲ ಕೊಳ್ಳಬೇಡಿ. ಮಗಳ ಕಾಲೇಜು ಶುಲ್ಕ, ಮನೆಯ ಕಂತು, ಆಸ್ಪತ್ರೆ ಖರ್ಚಿಗೆ ಇಟ್ಟ ಹಣವನ್ನು ಇತ್ತ ತರಬೇಡಿ. ಹತ್ತು ವರ್ಷ ಮುಟ್ಟದೆ ಬಿಡಬಲ್ಲ ಹಣವಿದ್ದರೆ ಹೆದರಬೇಡಿ. ಹೆಸರು ನೋಡಿ ಹೂಡಬೇಡಿ, ಲೆಕ್ಕ ನೋಡಿ ಹೂಡಿ. ತನ್ನ ಲೆಕ್ಕ ಎಷ್ಟು ತಪ್ಪಿರಬಹುದು ಎಂದು ಹೇಳುವ ಧೈರ್ಯವಿಲ್ಲದವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.